ಮಾಸ್ಟ್ರ ಪುಸ್ತಕವನ್ನು ಗುಂಪಿಗೆ ಹಾಕಿದ್ದು

ಕನ್ನಡದಲ್ಲಿ ಬರೆದ ಒಂದು ಸಾಲು ಕಾಪುವಿನಿಂದ ಉಡುಪಿಗೆ ಇ-ಮೇಲಿನಲ್ಲಿ ನೆಟ್ಟಗೆ ಬಂದು ತಲುಪಿದರೆ ಆಗ ಅದೇ ಒಂದು ಸುದ್ದಿ. ಅಲ್ಲಿಯವರ ಫಾಂಟು ಬೇರೆ, ಇಲ್ಲಿ ನನ್ನ ಫಾಂಟು ಬೇರೆ. ಅಲ್ಲಿಂದ 'ಮೀನುಗಾರರ ಸಭೆ' ಎಂದು ಹೊರಟದ್ದು ನನ್ನ ಪರದೆಯ ಮೇಲೆ ಡಾಲರ್ ಚಿಹ್ನೆ, ಪ್ರಶ್ನಾರ್ಥಕಗಳ ರಾಶಿಯಾಗಿ ಇಳಿಯುತ್ತಿತ್ತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿದ್ದಿರಬೇಕು. ಅಂಬಲಪಾಡಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಎರಡು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಸ್ಕ್ಯಾನರ್. ಮದುವೆ ಕಾಗದ, ಉತ್ತರಕ್ರಿಯೆಯ ಕಾಗದ ಮಾಡಿ ಹೊಟ್ಟೆ ತುಂಬುತ್ತಿತ್ತು. ಸಣ್ಣ ಪತ್ರಿಕೆಗಳ ಪುಟ ಕಟ್ಟುವುದು ನನಗೆ ಅಂಟಿಕೊಂಡ ಚಟ.

ಸಣ್ಣ ಪತ್ರಿಕೆ ಅಂದರೆ ಎಷ್ಟು ಸಣ್ಣದು ಎಂದು ಹೇಳಬೇಕು. ಸಂಪಾದಕ, ವರದಿಗಾರ, ಜಾಹೀರಾತು ತರುವವ, ಕರಡು ತಿದ್ದುವವ ಎಲ್ಲ ಒಬ್ಬನೇ. ಹೆಂಡತಿ ಕುಳಿತು ವಿಳಾಸದ ಚೀಟಿ ಅಂಟಿಸಿದರೆ ಅದು ಪ್ರಸರಣ ವಿಭಾಗ. ಇಂಥ ಆರು ಪತ್ರಿಕೆಗಳು ನನ್ನ ಪರಿಚಯದಲ್ಲಿದ್ದವು. ಆರೂ ಮಣಿಪಾಲದ ಒಂದೇ ಮುದ್ರಣಾಲಯದಲ್ಲಿ ಬೇರೆ ಬೇರೆ ದಿನ ಅಚ್ಚಾಗುತ್ತಿದ್ದವು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಒಬ್ಬರು ಫೋಟೊ ಕಪ್ಪಾಗಿ ಬರುತ್ತದೆ ಎಂದು ಅಳುತ್ತಿದ್ದರೆ, ಅದಕ್ಕೆ ಮದ್ದು ತಿಳಿದಿದ್ದ ಇನ್ನೊಬ್ಬರು ಎರಡು ಬಸ್ ನಿಲ್ದಾಣದಾಚೆ ಬೇರೆ ಯಾವುದಕ್ಕೋ ಅಳುತ್ತಿದ್ದರು. ನನ್ನ ಅಂಗಡಿಗೆ ಬಂದು ಇಬ್ಬರೂ ನನ್ನ ತಲೆ ತಿನ್ನುತ್ತಿದ್ದರು.

ತಲೆ ಉಳಿಸಿಕೊಳ್ಳುವುದಕ್ಕೇ ನಾನು ಅವರನ್ನೆಲ್ಲ ಸೇರಿಸಿ ಅಂತರ್ಜಾಲದಲ್ಲಿ ಒಂದು ಇ-ಮೇಲ್ ಗುಂಪು ಮಾಡಿದೆ. ಒಬ್ಬರು ಬರೆದರೆ ಎಲ್ಲರಿಗೂ ಹೋಗುತ್ತದೆ. ಫೈಲುಗಳನ್ನು ಇಡುವುದಕ್ಕೆ ಒಂದು ಜಾಗವೂ ಇರುತ್ತದೆ, ಸದಸ್ಯರು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಫಾಂಟಿನ ರಗಳೆಯೇ ಬೇಡವೆಂದು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ನಿಯಮ ಮಾಡಿದೆವು. ಮೊದಲ ತಿಂಗಳು 'ನಮಸ್ಕಾರ', 'ಶುಭೋದಯ' ಬಿಟ್ಟರೆ ಯಾರೂ ಏನೂ ಬರೆಯಲಿಲ್ಲ. ತಮಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳಲು ಸಂಪಾದಕರಿಗೆ ಬಹಳ ಕಷ್ಟ.

ಗುಂಪಿಗೆ ಜೀವ ತಂದವನು ಕಾರ್ಕಳದ ವಾರಪತ್ರಿಕೆಯ ಸಂಪಾದಕ. ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಮೊದಲು ಬಾಯಿಬಿಟ್ಟವನೂ ಅವನೇ. "ನನ್ನ ಪತ್ರಿಕೆಯಲ್ಲಿ ಈ ವಾರ ಒಂದೇ ವರದಿ ಎರಡು ಪುಟಗಳಲ್ಲಿ ಬಂದಿದೆ, ಯಾರೂ ಗಮನಿಸಿಲ್ಲ, ಓದುಗರು ಇದ್ದಾರೋ ಇಲ್ಲವೋ ಎಂದು ಭಯವಾಗಿದೆ" ಎಂದು ಬರೆದ. ಎಲ್ಲರೂ ನಕ್ಕರು, ಆಮೇಲೆ ಎಲ್ಲರೂ ಬರೆಯತೊಡಗಿದರು. ಆವರೆಗೆ ಪುಟಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ತೆಗೆದು, ಸುರುಳಿ ಸುತ್ತಿ, ಬಸ್ ಕಂಡಕ್ಟರನ ಕೈಯಲ್ಲಿ ಕೊಟ್ಟು ಮಣಿಪಾಲಕ್ಕೆ ಕಳಿಸುವುದು ವಾಡಿಕೆ. ಸುರುಳಿ ಸೀಟಿನ ಅಡಿಯಲ್ಲಿ ಮಡಚಿ ಹೋದರೆ ಆ ವಾರದ ಮುಖಪುಟಕ್ಕೆ ಅಡ್ಡಗೆರೆ. ಅದರ ಬದಲು ಪುಟವನ್ನು ಫಾಂಟಿನ ಸಮೇತ ಪಿಡಿಎಫ್ ಮಾಡಿ ಫೋನ್ ಲೈನಿನಲ್ಲೇ ಮುದ್ರಣಾಲಯಕ್ಕೆ ಕಳಿಸುವುದು ಹೇಗೆ ಎಂದು ಅವನು ಹಂತ ಹಂತವಾಗಿ ಬರೆದು ಫೈಲಿನ ಜಾಗದಲ್ಲಿ ಇಟ್ಟ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿಕೊಟ್ಟ. ಇಂಥವನು ನಮ್ಮ ಜೊತೆ ಇದ್ದಾನಲ್ಲ ಎಂದು ನನಗೆ ಎಷ್ಟು ಹೆಮ್ಮೆ!

ಗುಂಪಿನ ದೊಡ್ಡ ನಿಯಮವನ್ನು ಬರೆದವನೂ ಅವನೇ. ಯಾವ ಸಂಪಾದಕ ಕಾಯಿಲೆ ಬಿದ್ದರೂ ಉಳಿದವರು ಸೇರಿ ಅವರ ಪತ್ರಿಕೆ ತರಬೇಕು, ಒಂದು ವಾರವೂ ತಪ್ಪಬಾರದು. ವಾರ ತಪ್ಪಿದರೆ ಅಂಚೆ ಕಚೇರಿಯಲ್ಲಿ ಪತ್ರಿಕೆಗಳ ರಿಯಾಯಿತಿ ದರಕ್ಕೆ ತಕರಾರು ತೆಗೆಯುತ್ತಾರೆ. ಮುಂಬಯಿಯ ಚಂದಾದಾರರಂತೂ ಎರಡು ವಾರ ಪತ್ರಿಕೆ ಬಾರದಿದ್ದರೆ ಅದು ಸತ್ತಿತು ಎಂದೇ ಲೆಕ್ಕ.

ಆ ನಿಯಮದ ಪರೀಕ್ಷೆ ಕಾಪುವಿನ ಮಾಸ್ಟ್ರಿಂದ ಬಂತು. ನಿವೃತ್ತ ಶಾಲಾ ಮಾಸ್ಟ್ರು, ವಾರಕ್ಕೆ ಎಂಟು ಪುಟದ ಪತ್ರಿಕೆ ತರುತ್ತಿದ್ದರು. ಬೇಸಗೆಯಲ್ಲಿ ಎದೆನೋವು ಬಂದು ಮಣಿಪಾಲದ ಆಸ್ಪತ್ರೆಗೆ ಸೇರಿಸಿ, ಶಸ್ತ್ರಚಿಕಿತ್ಸೆ ಆಗಬೇಕೆಂದರು. ಅದರ ಹಿಂದಿನ ದಿನ ನೋಡಲು ಹೋದೆ.

"ಪೇಪರ್ ನಿಲ್ಲಿಸುದಾ ಅಂತ ಯೋಚನೆ ಮಾಡ್ತಾ ಇದ್ದೆ," ಎಂದರು.

"ಎಂತಕ್ಕೆ ಮಾಸ್ಟ್ರೆ? ನಾವು ಇದ್ದೇವಲ್ಲ. ಸುದ್ದಿ ನಾವು ತರ್ತೇವೆ."

"ಸುದ್ದಿ ಯಾರು ಬೇಕಾದ್ರೂ ತರ್ತಾರೆ ಮಾರಾಯ್ತಿ. ನನ್ನ ಪೇಪರ್ ಸುದ್ದಿಯಿಂದ ನಡೆಯುದಲ್ಲ," ಎಂದು ಹೆಂಡತಿಯ ಕಡೆ ಕೈಚಾಚಿದರು. ಅವರು ಚೀಲದಿಂದ ರಟ್ಟಿನ ಹೊದಿಕೆಯ ಒಂದು ಉದ್ದ ಪುಸ್ತಕ ತೆಗೆದುಕೊಟ್ಟರು.

ನಮ್ಮ ಕಡೆಯ ಪತ್ರಿಕೆ ಓದುವವರಿಗೆ ಇದನ್ನು ವಿವರಿಸಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಮನೆಯಲ್ಲಿ ಒಬ್ಬರು ತೀರಿಕೊಂಡರೆ ವರ್ಷ ವರ್ಷವೂ ಅದೇ ದಿನ ಅವರ ಫೋಟೊ ಹಾಕಿ 'ನೀವು ನಮ್ಮನ್ನು ಅಗಲಿ ಇಷ್ಟು ವರ್ಷ' ಎಂದು ಪುಣ್ಯಸ್ಮರಣೆಯ ಜಾಹೀರಾತು ಕೊಡುವುದು ಇಲ್ಲಿಯ ರೂಢಿ. ಕೆಳಗೆ ಹೆಂಡತಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಬಂಧುಮಿತ್ರರು. ಮಕ್ಕಳು ಮುಂಬಯಿಯಲ್ಲೋ ದುಬೈಯಲ್ಲೋ ದುಡಿಯುತ್ತಿರುತ್ತಾರೆ, ತಾರೀಕು ನೆನಪಿರುವುದಿಲ್ಲ. ಮಾಸ್ಟ್ರಿಗೆ ನೆನಪಿರುತ್ತಿತ್ತು. ಕಾಪು, ಎರ್ಮಾಳ್, ಶಂಕರಪುರದ ಸುತ್ತ ಯಾವ ಮನೆಯಲ್ಲಿ ಯಾರು ಯಾವ ದಿನ ತೀರಿದರು, ಯಾವ ಮಗನಿಗೆ ಬರೆಯಬೇಕು, ಯಾವ ಮಗನಿಗೆ ಬರೆದರೆ ಜಗಳವಾಗುತ್ತದೆ ಎಲ್ಲ ಆ ಪುಸ್ತಕದಲ್ಲಿತ್ತು. ತಿಂಗಳ ಮೊದಲು ಕೈಬರಹದಲ್ಲಿ ಒಂದು ಕಾರ್ಡು ಹಾಕುತ್ತಿದ್ದರು: "ತಂದೆಯವರ ದಿನ ಹತ್ತಿರ ಬಂತು." ಅದಕ್ಕೆ ಉತ್ತರ ಬಾರದೆ ಇರುತ್ತಿರಲಿಲ್ಲ. ಪತ್ರಿಕೆ ಉಸಿರಾಡುತ್ತಿದ್ದದ್ದು ಅದರಿಂದ.

"ಕಾರ್ಡು ತಪ್ಪಬಾರ್ದು. ಮತ್ತೆ, ಇದನ್ನು ಜಾಗ್ರತೆ ಮಾಡು. ಇದರಲ್ಲಿ ಇರುದು ಜನರ ಮನೆ ಒಳಗಿನ ವಿಷಯ," ಎಂದರು. ಅಷ್ಟರಲ್ಲಿ ರಕ್ತ ತೆಗೆಯಲು ನರ್ಸ್ ಬಂದರು, ನಾನು ಹೊರಟೆ.

ಮನೆಗೆ ಬಂದು ಪುಟ ತಿರುವಿದೆ. ಬಹಳ ಚಂದದ ಮಾಸ್ಟ್ರ ಅಕ್ಷರ. ಅಲ್ಲೊಂದು ಇಲ್ಲೊಂದು ಸಾಲಿನ ಎದುರು ಕೆಂಪು ಪೆನ್ಸಿಲಿನಲ್ಲಿ ಪುಟ್ಟ ಗುಣಿಸುವ ಗುರುತು. ಒಟ್ಟು ಆರೇ ಆರು. ಫೋಟೊ ಇಲ್ಲದವರ ಸಾಲು ಇರಬೇಕು ಎಂದುಕೊಂಡೆ, ಏಕೆಂದರೆ ಪುಸ್ತಕದ ಜೊತೆ ಮಾಸ್ಟ್ರ ಹೆಂಡತಿ ಕೊಟ್ಟಿದ್ದ ಫೋಟೊ ಲಕೋಟೆಗಳಲ್ಲಿ ಆ ಆರು ಜನರ ಫೋಟೊ ನಿಜವಾಗಿಯೂ ಇರಲಿಲ್ಲ. ಮರುದಿನ ಕೇಳೋಣವೆಂದರೆ ಅವರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದರು. ಕಾಯಬಹುದಿತ್ತು. ಕಾಯಲಿಲ್ಲ.

ಮದುವೆ ಕಾಗದಗಳ ಕಾಲ, ಅಂಗಡಿಯಲ್ಲಿ ನಿಲ್ಲಲು ಜಾಗವಿಲ್ಲ. ಕಾರ್ಡು ಬರೆಯುವುದು ನನ್ನೊಬ್ಬಳಿಂದ ಆಗದು ಎಂದು ಗುಂಪಿನಲ್ಲಿ ಬರೆದೆ. ಕಾರ್ಕಳದವನು ಕೂಡಲೇ ಫೋನು ಮಾಡಿದ.

"ಟೈಪ್ ಮಾಡಿ ಗುಂಪಿಗೆ ಹಾಕಿ ಅಕ್ಕ. ವಾರಕ್ಕೊಬ್ಬರು ಹಂಚಿಕೊಳ್ಳುವಾ. ನಿಮ್ಮೊಬ್ಬರ ಮೇಲೆ ಎಂತಕ್ಕೆ ಭಾರ?"

"ಮಾಸ್ಟ್ರು ಜಾಗ್ರತೆ ಅಂದಿದ್ದಾರೆ ಮಾರಾಯ."

"ಗುಂಪಲ್ಲಿ ಇರುದು ನಾವೇ ಅಲ್ವಾ?"

ನಾವೇ ಎಂಬ ಆ ಮಾತು ನನಗೆ ಬಹಳ ಹಿಡಿಸಿತು. ಎರಡು ದಿನ ಕೂತು ಇಡೀ ಪುಸ್ತಕವನ್ನು ಕಾಲಮ್ಮು ಹಾಕಿ ಟೈಪ್ ಮಾಡಿದೆ: ಹೆಸರು, ಊರು, ದಿನ, ಬರೆಯಬೇಕಾದವರು, ಅವರ ಫೋನು. ಕೆಂಪು ಗುರುತಿಗೆ ಕಾಲಮ್ಮು ಇರಲಿಲ್ಲ, ಬಿಟ್ಟೆ. ಫೈಲನ್ನು ಗುಂಪಿನ ಜಾಗದಲ್ಲಿ ಇಟ್ಟು, ದೊಡ್ಡ ಕೆಲಸ ಮಾಡಿದವಳ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡೆ.

ಆಮೇಲಿನ ಐದು ವಾರ ನನ್ನ ಕೆಲಸದ ಬದುಕಿನಲ್ಲೇ ಸೊಗಸಾದ ಕಾಲ. ಸುಳ್ಳು ಹೇಳಲಾರೆ. ಉಡುಪಿಯ ಇಬ್ಬರು ಮುಖಪುಟ ನೋಡಿಕೊಂಡರು, ಉಳಿದವರು ಒಳಪುಟ. ಒಂದು ವಾರ ಮುದ್ರಣಾಲಯದಲ್ಲಿ ನಮ್ಮ ಪಿಡಿಎಫ್ ತೆರೆದಾಗ ಒತ್ತಕ್ಷರಗಳೆಲ್ಲ ಮಾಯ. ಬೆಳಗ್ಗೆ ಬಸ್ಸು ಹತ್ತಿ ಮಣಿಪಾಲಕ್ಕೆ ಓಡಿ, ಅವರ ಕಂಪ್ಯೂಟರಿಗೆ ನಮ್ಮ ಫಾಂಟು ಹಾಕಿ, ಎಂಟು ಪುಟ ಮತ್ತೆ ತೆಗೆದೆ. ಇನ್ನೊಂದು ವಾರ ಮಳೆಗೆ ಮೊದಲಿನ ಗಾಳಿಗೆ ಕಾಪುವಿನಲ್ಲಿ ಫೋನ್ ಲೈನು ಸತ್ತು, ಮಾಸ್ಟ್ರ ಹಳ್ಳಿ ಸುದ್ದಿಗಾರರು ಬರೆದದ್ದು ಬಸ್ಸಿನಲ್ಲೇ ಬಂತು. ಆಯಾ ವಾರದ್ದಷ್ಟೇ ಅಲ್ಲ, ಮುಂದೆ ಮಳೆಗಾಲದಲ್ಲಿ ಬರುವ ದಿನಗಳ ಫೋಟೊಗಳನ್ನೂ ಸ್ಕ್ಯಾನ್ ಮಾಡಿ ತಿದ್ದಿಟ್ಟವನು ಕಾರ್ಕಳದವನು. ಶಂಕರಪುರದ ಒಬ್ಬ ಮಲ್ಲಿಗೆ ಬೆಳೆಗಾರರ ಫೋಟೊ ಯಾವುದೋ ಗುರುತುಚೀಟಿಯಿಂದ ಕಿತ್ತದ್ದು, ಕತ್ತಿನ ಮೇಲೆ ಕಚೇರಿಯ ನೀಲಿ ಮೊಹರು. ಅವನು ಮೊಹರು ಅಳಿಸಿ, ಕಾಣದೆ ಹೋಗಿದ್ದ ಅಂಗಿಯ ಕಾಲರನ್ನು ತಾನೇ ಬಿಡಿಸಿ, "ನೋಡಿ, ಹೊಸ ಅಂಗಿ ಹೊಲಿಸಿ ಕೊಟ್ಟಿದ್ದೇನೆ" ಎಂದು ಗುಂಪಿಗೆ ಕಳಿಸಿದ್ದ. ಎಡಗಡೆಯ ಕಾಲರು ಬಲಗಡೆಯದಕ್ಕಿಂತ ತುಸು ಅಗಲವಾಗಿತ್ತು. ಅದಕ್ಕೂ ನಾವು ನಕ್ಕೆವು.

ಒಂದು ವಾರವೂ ತಪ್ಪಲಿಲ್ಲ. ಮಾಸ್ಟ್ರು ಮನೆಗೆ ಬಂದು, ಐದು ಸಂಚಿಕೆಗಳನ್ನು ತೊಡೆಯ ಮೇಲಿಟ್ಟು ನೋಡಿ, "ನಾನು ಇಲ್ಲದೆ ಹೆಚ್ಚು ಚಂದ ಬಂದಿದೆಯಲ್ಲ" ಎಂದರು. ಪುಸ್ತಕ ಹಿಂದೆ ಕೊಟ್ಟೆ. ಫೈಲಿನ ವಿಷಯ ಹೇಳಲಿಲ್ಲ. ವಿಶ್ರಾಂತಿಯಲ್ಲಿರುವವರಿಗೆ ಇದೆಲ್ಲ ಏಕೆ ಎಂದು ನನಗೆ ನಾನೇ ನೆಪ ಹೇಳಿಕೊಂಡೆ.

ಮಳೆ ಹಿಡಿದು ಸ್ವಲ್ಪ ದಿನಕ್ಕೆ ಹೊರಗಿನ ಒಂದು ದೊಡ್ಡ ದಿನಪತ್ರಿಕೆ ನಮ್ಮ ಜಿಲ್ಲೆಗೆಂದು ಬಣ್ಣದ ಪುರವಣಿ ಶುರುಮಾಡಿತು. ಅದೇ ಹೊತ್ತಿಗೆ ಮಾಸ್ಟ್ರು, "ಕಾರ್ಡಿಗೆ ಉತ್ತರ ಬರುದಿಲ್ಲ ಮಾರಾಯ್ತಿ, ನನ್ನ ಕೈಬರಹ ಕೆಟ್ಟಿತಾ ಎಂತ?" ಎಂದು ಫೋನಿನಲ್ಲಿ ನಕ್ಕರು. ಮುಂಬಯಿಯಲ್ಲಿ ಮಳೆ, ಅಂಚೆ ತಡವಾಗಿರಬಹುದು ಎಂದೆ.

ಮರುವಾರ ಪುರವಣಿ ನನ್ನ ಮೇಜಿಗೆ ಬಂತು. ಕೊನೆಯ ಪುಟದಲ್ಲಿ ನಾಲ್ಕು ಪುಣ್ಯಸ್ಮರಣೆ. ನಾಲ್ಕೂ ಮಾಸ್ಟ್ರ ಊರುಗಳವು. ಮೂರನೆಯದು ಶಂಕರಪುರದ ಮಲ್ಲಿಗೆ ಬೆಳೆಗಾರರದು. ಕಾಲರು ನೋಡಿದೆ. ಎಡಗಡೆ ಅಗಲ.

ಯಾರೋ ಕದ್ದಿರಬಹುದು, ಮನೆಯವರಿಗೆ ತೋರಿಸಲು ನಾವು ಕಳಿಸಿದ್ದ ಪ್ರಿಂಟನ್ನೇ ಅವರು ಕೊಟ್ಟಿರಬಹುದು ಎಂದು ಮನಸ್ಸು ಹತ್ತು ದಾರಿ ಹುಡುಕಿತು. ಆದರೆ ಅಚ್ಚಾದ ಫೋಟೊ ಮತ್ತೆ ಸ್ಕ್ಯಾನ್ ಮಾಡಿದರೆ ಚುಕ್ಕಿ ಚುಕ್ಕಿಯಾಗುತ್ತದೆ. ಇದರಲ್ಲಿ ಒಂದು ಚುಕ್ಕಿ ಇಲ್ಲ. ಇದು ಮೂಲ ಫೈಲು. ಅದು ಇದ್ದದ್ದು ಗುಂಪಿನಲ್ಲಿ.

ಕಾರ್ಕಳಕ್ಕೆ ಫೋನು ಮಾಡಿದೆ. ಅವನು ಅಲ್ಲಗಳೆಯಲೇ ಇಲ್ಲ.

"ನಾನು ಅಲ್ಲಿ ಸೇರಿದ್ದೇನೆ ಅಕ್ಕ. ಪುರವಣಿಗೆ ನಾನೇ ಮುಖ್ಯಸ್ಥ. ಹೇಳ್ಬೇಕು ಅಂತ ಇದ್ದೆ."

"ಯಾವಾಗಿಂದ?"

"ಎರಡು ತಿಂಗಳ ಮೇಲೆ ಆಯ್ತು."

ಎರಡು ತಿಂಗಳು. ಮಾಸ್ಟ್ರು ಆಸ್ಪತ್ರೆಯಲ್ಲಿದ್ದಾಗ, ಅಂಗಿ ಹೊಲಿಸಿ ಕೊಟ್ಟಾಗ, ನಾವೇ ಅಲ್ವಾ ಎಂದಾಗ ಅವನು ಆಗಲೇ ಅತ್ತ ಕಡೆಯವನು.

"ನನ್ನ ಪೇಪರ್ ನಷ್ಟಕ್ಕೆ ಬಿದ್ದು ಎಷ್ಟು ಸಮಯ ಆಯ್ತು ಗೊತ್ತುಂಟಾ ನಿಮಗೆ? ಗುಂಪಲ್ಲಿ ನಗಾಡಿಕೊಂಡು ಬರೀತಿದ್ದೆ, ಅಷ್ಟೇ. ನನಗೂ ಮನೆ ಉಂಟಲ್ಲ ಅಕ್ಕ," ಎಂದ.

"ಮನೆ ಇರ್ಲಿ. ಕೆಲಸಕ್ಕೆ ಸೇರು, ಯಾರು ಬೇಡ ಅಂದ್ರು? ಮಾಸ್ಟ್ರ ಪುಸ್ತಕ ಎಂತಕ್ಕೆ ತಗೊಂಡು ಹೋದದ್ದು?"

"ಪುಸ್ತಕ ನಾನು ನೋಡ್ಲೇ ಇಲ್ಲ. ಫೈಲು ಹಾಕಿದ್ದು ನೀವಲ್ವಾ?"

ಫೋನು ಕುಕ್ಕಿದೆ. ಇವನ ಜೊತೆ ಇನ್ನು ಜೀವಮಾನದಲ್ಲಿ ಮಾತಿಲ್ಲ ಎಂದು ಆ ಕ್ಷಣವೇ ತೀರ್ಮಾನಿಸಿದೆ. ಸಿಟ್ಟಿನಲ್ಲಿ ಗುಂಪಿಗೆ ಎಲ್ಲವನ್ನೂ ಬರೆದೆ, ನನ್ನ ತಪ್ಪನ್ನೂ ಸೇರಿಸಿ. ಫೈಲು ಅಳಿಸಿದೆ, ಅವನನ್ನು ಗುಂಪಿನಿಂದ ತೆಗೆಯುತ್ತೇನೆ, ಎಲ್ಲರೂ ನಿಮ್ಮ ಮಾತು ಹೇಳಿ ಎಂದು ಕೇಳಿದೆ. ಎರಡು ದಿನ ಯಾರ ಉಸಿರೂ ಇಲ್ಲ. ಮೂರನೆಯ ದಿನ ಉಡುಪಿಯ ಒಬ್ಬರಿಂದ ಮೇಲ್ ಬಂತು. ಅವರು ಬರೆದದ್ದು ಕಾರ್ಕಳದವನಿಗೆ, ಅವನೊಬ್ಬನಿಗೇ. ಆದರೆ ನಮ್ಮ ಗುಂಪಿನಲ್ಲಿ ಉತ್ತರಿಸು ಎಂಬುದನ್ನು ಒತ್ತಿದರೆ ಎಲ್ಲರಿಗೂ ಹೋಗುತ್ತದೆ ಎಂಬುದನ್ನು ಮಾತ್ರ ಅವರು ಇನ್ನೂ ಕಲಿತಿರಲಿಲ್ಲ. "ಅಕ್ಕನ ಮಾತು ತಲೆಗೆ ಹಾಕ್ಕೊಳ್ಬೇಡ. ಪುರವಣಿಯಲ್ಲಿ ನನಗೂ ಒಂದು ಅವಕಾಶ ನೋಡು." ಅದನ್ನು ಓದಿ ನನಗೆ ನಗು ಬಂತು, ಆಮೇಲೆ ಅಳು. ಒಬ್ಬರಿಗೊಬ್ಬರು ಆಸರೆಯಾಗಬೇಕೆಂದು ನಾನು ಕಟ್ಟಿದ್ದು ಇದನ್ನೇ.

ಮಾಸ್ಟ್ರಿಗೆ ಹೇಳಲೇಬೇಕಿತ್ತು. ಹೇಗೆ ಹೇಳುವುದೆಂದು ನಾನು ಮೀನಮೇಷ ಎಣಿಸುತ್ತಿರುವಾಗ ಅವರೇ ಫೋನು ಮಾಡಿ, ಕೂಡಲೇ ಬಾ ಎಂದರು. ದನಿಯಲ್ಲಿ ತಮಾಷೆ ಇರಲಿಲ್ಲ.

ಕಾಪುವಿನ ಮನೆಯ ಜಗಲಿಯಲ್ಲಿ ಪುಸ್ತಕ ತೆರೆದಿಟ್ಟು ಕೂತಿದ್ದರು. ಒಂದು ಕೆಂಪು ಗುರುತಿನ ಮೇಲೆ ಬೆರಳಿತ್ತು.

"ಇದು ಎರ್ಮಾಳಿನ ಮನೆ. ಆಟಿ ತಿಂಗಳ ಜೋರು ಮಳೆಯಲ್ಲಿ ನಾಲ್ಕು ಜನರ ದೋಣಿ ಮಗುಚಿತ್ತು. ಮೂರು ಜನರ ಹೆಣ ಸಿಕ್ಕಿತು, ಈ ಮನೆಯ ಹೆಂಗಸಿನ ಗಂಡ ಸಿಗ್ಲಿಲ್ಲ. ಅವಳಿಗೆ ನಿನ್ನೆ ಪೇಪರಿನವರು ಯಾರೋ ಫೋನ್ ಮಾಡಿ, ಗಂಡ ತೀರಿ ಇಷ್ಟು ವರ್ಷ ಆಯ್ತಲ್ಲ, ಫೋಟೊ ಕೊಡಿ ಅಂದರಂತೆ. ಅವಳು ಕರಿಮಣಿ ತೆಗೆದವಳಲ್ಲ ಮಾರಾಯ್ತಿ. ಕೆಂಪು ಹಾಕಿದ ಮನೆಗೆ ಬರೀಬಾರ್ದು ಅಂತ. ಆ ದಿನ, ಅವಳ ಫೋನ್ ನಂಬರು ಎರಡೂ ಒಟ್ಟಿಗೆ ಇರುದು ನನ್ನ ಪುಸ್ತಕದಲ್ಲಿ ಮಾತ್ರ. ಅವರಿಗೆ ಹೇಗೆ ಸಿಕ್ಕಿತು?"

ಹೇಳಿದೆ. ಟೈಪ್ ಮಾಡಿದ್ದು, ಗುಂಪಿಗೆ ಹಾಕಿದ್ದು, ಗುರುತನ್ನು ಬಿಟ್ಟದ್ದು, ಕಾರ್ಕಳದವನು, ಕಾಲರು. ಮಾಸ್ಟ್ರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಮುಖವನ್ನು ಅಂಗಳದ ಕಡೆ ತಿರುಗಿಸಿ, "ನೀನು ಕೇಳ್ಬಹುದಿತ್ತಲ್ಲ," ಎಂದರು. ಕಾರ್ಕಳದವನು ನನಗೆ ಕೈಕೊಟ್ಟ ಎಂದು ಒಂದು ವಾರದಿಂದ ಕುದಿಯುತ್ತಿದ್ದವಳಿಗೆ, ಈ ಮನುಷ್ಯನಿಗೆ ಕೈಕೊಟ್ಟವಳು ನಾನು ಎಂಬುದು ಆಗ ತಿಳಿಯಿತು.

ಡಾಕ್ಟರು ಬಸ್ಸು ಹತ್ತಬೇಡಿ ಎಂದಿದ್ದರೂ ಮಾಸ್ಟ್ರು ಎರ್ಮಾಳಿಗೆ ಹೊರಟರು. ನಾನೂ ಹೋದೆ. ಸಮುದ್ರದ ಕಡೆಗಿನ ಮನೆ. ಆಕೆ ನಮ್ಮನ್ನು ಕೂರಿಸಿ, ನೀರು ಬೆಲ್ಲ ತಂದಿಟ್ಟು, ಬಾಗಿಲಿಗೆ ಒರಗಿ ನಿಂತಳು. ನಾನು ಆದದ್ದನ್ನು ಹೇಳಿ ಕೈಮುಗಿದೆ. ಆಕೆ ನನ್ನನ್ನು ನೋಡಲೇ ಇಲ್ಲ. ತುಳುವಿನಲ್ಲಿ ಮಾಸ್ಟ್ರಿಗೆ ಮಾತ್ರ ಹೇಳಿದಳು.

"ಆ ದಿನ ಎಲ್ಲ ಪೇಪರಿನವರೂ ನಾಲ್ಕು ಜನ ಸತ್ತರು ಅಂತ ಬರೆದರು. ನೀವು ಒಬ್ಬರೇ ಮೂವರು ಸತ್ತರು, ಒಬ್ಬರು ಕಾಣೆ ಅಂತ ಬರೆದದ್ದು. ನನಗೆ ಓದ್ಲಿಕ್ಕೆ ಸರಿ ಬರುದಿಲ್ಲ. ಆದರೂ ನಿಮ್ಮ ಪೇಪರ್ ತರಿಸುದು ಯಾಕೆ ಅಂತ ಮಾಡಿದ್ದೀರಿ?" ಸೆರಗಿನಿಂದ ಕಣ್ಣೊರಸಿ ಅಂದಳು, "ಆದರೆ ನೀವೂ ಆ ತಾರೀಕು ಸತ್ತವರ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಿರಿ. ಇನ್ನು ಪೇಪರ್ ಕಳಿಸ್ಬೇಡಿ ಮಾಸ್ಟ್ರೆ."

ಮಾಸ್ಟ್ರು ತಲೆಯಾಡಿಸಿದರು. ಆಕೆ ನಮ್ಮನ್ನು ಗೇಟಿನವರೆಗೆ ಬಿಡಲು ಬರಲಿಲ್ಲ.

ಹಿಂದೆ ಬರುವಾಗ ಬಸ್ಸಿನಲ್ಲಿ ಮಾಸ್ಟ್ರು, "ಇನ್ನು ನಾನು ಪುಣ್ಯಸ್ಮರಣೆ ಕೇಳಿ ಬರೆಯುದಿಲ್ಲ. ಪೇಪರ್ ನಡೆದಷ್ಟು ನಡೀಲಿ," ಎಂದರು. ಅದರರ್ಥ ಏನೆಂದು ಇಬ್ಬರಿಗೂ ಗೊತ್ತಿತ್ತು. ಪತ್ರಿಕೆ ದೀಪಾವಳಿಯವರೆಗೆ ಎಳೆಯಿತು, ಆಮೇಲೆ ನಿಂತಿತು.

ಆದರೆ ಆ ಸಂಜೆ ಅವರ ಚಿಂತೆ ಪತ್ರಿಕೆಯದಾಗಿರಲಿಲ್ಲ. "ಗುಂಪಿನದ್ದು ಅಳಿಸಿದೆ ಅಂದೆ. ಅವನ ಹತ್ರ ಇರುದು?"

"ಅದು ಇರ್ತದೆ ಮಾಸ್ಟ್ರೆ."

"ಹಾಗಾದ್ರೆ ಬರುವ ವರ್ಷ ಅವಳಿಗೆ ಪುನಃ ಫೋನ್ ಹೋಗ್ತದೆ. ಉಳಿದ ಐದು ಮನೆಗೂ ಹೋಗ್ತದೆ." ಬಸ್ಸಿಳಿದು ಮನೆ ಸೇರಿದ ಮೇಲೆ, "ಅವನಿಗೆ ಫೋನ್ ಮಾಡು," ಎಂದರು.

ಜೀವಮಾನದಲ್ಲಿ ಮಾತಿಲ್ಲ ಎಂದವಳು ಅವರ ಜಗಲಿಯಲ್ಲೇ ಕೂತು ಅವನ ನಂಬರು ಒತ್ತಿದೆ. ಬರೆಯಬಾರದ ಆರು ಮನೆ ಇವೆ, ತೆಗೆದುಬಿಡು ಎಂದೆ. ಯಾವುವು ಎಂದು ಹೇಳದೆ ಅವನಾದರೂ ಹೇಗೆ ತೆಗೆಯುತ್ತಾನೆ? ಮಾಸ್ಟ್ರು ಪುಸ್ತಕ ಹಿಡಿದು ಒಂದೊಂದೇ ಕೆಂಪು ಗುರುತಿನ ಹೆಸರು ಓದಿದರು, ನಾನು ಅವನಿಗೆ ಹೇಳಿದೆ. ಯಾರಿಗೂ ಹೇಳಬಾರದೆಂದು ಅವರು ಇಷ್ಟು ವರ್ಷ ಇಟ್ಟುಕೊಂಡದ್ದನ್ನು ಇಬ್ಬರೂ ಸೇರಿ ಅವನ ಕಿವಿಗೆ ಹಾಕಿದೆವು. ಅತ್ತ ಕಡೆ ಕೀಲಿಮಣೆಯ ಸದ್ದು ಕೇಳುತ್ತಿತ್ತು.

"ಆಯ್ತು ಅಕ್ಕ, ಆರೂ ತೆಗ್ದೆ. ಒಳ್ಳೇದೇ ಆಯ್ತು ನೀವು ಹೇಳಿದ್ದು," ಎಂದ. "ಹಾಗಾದ್ರೆ ಇನ್ನು ಉಳಿದವರಿಗೆಲ್ಲ ಧೈರ್ಯದಲ್ಲಿ ಫೋನ್ ಮಾಡ್ಬಹುದು, ಅಲ್ವಾ?"

ಫೋನು ಕೆಳಗಿಟ್ಟೆ.

"ಎಂತ ಹೇಳಿದ?" ಎಂದು ಮಾಸ್ಟ್ರು ಕೇಳಿದರು.

"ತೆಗ್ದೆ ಅಂದ," ಎಂದೆ. ಅಷ್ಟೇ ಹೇಳಿದೆ.